ರಸ್ಟ್ ಕಂಪೈಲರ್ ಯಾಕೆ ಇಷ್ಟು ಹಠ ಮಾಡುತ್ತದೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಪ್ರೋಗ್ರಾಂ ಬರೆಯುವ ಸಿ ಭಾಷೆ ಚೆನ್ನಾಗಿ ಬರುತ್ತದೆ. ಈಗ ರಸ್ಟ್ ಭಾಷೆ ಶುರು ಮಾಡಿದ್ದೇನೆ. ಸಿ ಸುಮ್ನೆ ಒಪ್ಪಿಕೊಳ್ಳುವ ಕೋಡನ್ನು ರಸ್ಟ್ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಂ) ಹತ್ತು ಸಲ ವಾಪಸ್ ಕಳಿಸುತ್ತದೆ. ಇಷ್ಟೊಂದು ಕಟ್ಟುನಿಟ್ಟು ಯಾಕೆ ಇಟ್ಟರು?

ಉತ್ತರ: ಒಂದು ತೂಕದ ಚೀಟಿಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ ನಮ್ಮ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಎಲೆಕ್ಟ್ರಾನಿಕ್ ಕಾಟಾದಿಂದ ತೂಕ ತೆಗೆದುಕೊಂಡು, ರೈತರ ಹೆಸರು ಹಾಕಿ ಚೀಟಿ ಪ್ರಿಂಟ್ ಮಾಡುವುದು ಅದರ ಕೆಲಸ. ಹೆಸರಿಗೆ 32 ಬೈಟ್ ಜಾಗ ಇಟ್ಟಿದ್ದೆ. ಅದರ ಪಕ್ಕದಲ್ಲೇ ತೂಕ, ಗ್ರಾಂ ಲೆಕ್ಕದಲ್ಲಿ, 4 ಬೈಟ್. ಹೆಸರು ಇಂಗ್ಲಿಷಿನಲ್ಲಿ ಇರುವಷ್ಟು ದಿನ ಏನೂ ತೊಂದರೆ ಆಗಲಿಲ್ಲ. ಮಲ್ಲಿಕಾರ್ಜುನಪ್ಪ ಅಂತ ಇಂಗ್ಲಿಷಿನಲ್ಲಿ ಬರೆದರೆ 15 ಅಕ್ಷರ, ಹೆಸರು ಮುಗಿಯಿತು ಅಂತ ಸಿ ಕೊನೆಯಲ್ಲಿಡುವ ಸೊನ್ನೆ ಸೇರಿ 16 ಬೈಟ್. ಆಮೇಲೆ ಅಂಗಡಿಯವರು ಚೀಟಿ ಕನ್ನಡದಲ್ಲೇ ಬರಲಿ ಅಂದರು. ನ್ಯಾಯವಾದ ಮಾತೇ. ಆದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರ, ಗುಡಿಸು, ಕೊಂಬು, ಹಲಂತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ, ಒಂದೊಂದಕ್ಕೂ 3 ಬೈಟ್. ಅದೇ ಹೆಸರು 45 ಬೈಟ್ ಆಯಿತು.

ಸಿ ಒಂದು ಮಾತೂ ಆಡಲಿಲ್ಲ. 32 ಬೈಟ್ ತುಂಬಿದ ಮೇಲೆ ಹೆಸರಿನ ಬಾಲ ಹೋಗಿ ತೂಕದ ಮೇಲೆ ಕೂತಿತು. ರೈತರು ತಂದಿದ್ದು ಒಂದು ಟ್ರ್ಯಾಕ್ಟರ್ ಮೆಕ್ಕೆಜೋಳ. ಚೀಟಿಯಲ್ಲಿ ಬಂದಿದ್ದು 28,302 ಕ್ವಿಂಟಲ್ 95 ಕೆಜಿ. ಈ ಸಂಖ್ಯೆ ಎಲ್ಲಿಂದ ಬಂತು ಅಂತ ಪೇಪರ್ ಮೇಲೆ ಲೆಕ್ಕ ಹಾಕಿದೆ. ‘ಜು’ವಿನ ಕೊಂಬಿನ ಕೊನೆಯ ಬೈಟು, ‘ನ’ ಅಕ್ಷರದ ಮೂರು ಬೈಟು, ಈ ನಾಲ್ಕನ್ನೂ ಒಂದೇ ಸಂಖ್ಯೆ ಅಂತ ಓದಿದರೆ ಸರಿಯಾಗಿ ಅಷ್ಟೇ ಗ್ರಾಂ ಬರುತ್ತದೆ. ತಪ್ಪು ಇಷ್ಟು ದೊಡ್ಡದಾಗಿದ್ದಕ್ಕೆ ಕಣ್ಣಿಗೆ ಬಿತ್ತು. ಎರಡು ಕ್ವಿಂಟಲ್ ಕಮ್ಮಿ ಬಂದಿದ್ದರೆ ಆ ರೈತರ ದುಡ್ಡು ಹೋಗುತ್ತಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಸಿ ಹೀಗಿರುವುದಕ್ಕೂ ಕಾರಣ ಇದೆ. 1972ರ ಸುಮಾರಿಗೆ ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಕಟ್ಟಿದಾಗ ಮೆಮೊರಿಯನ್ನು ಕಿಲೋಬೈಟ್‌ನಲ್ಲಿ ಎಣಿಸುತ್ತಿದ್ದರು. ಪ್ರತಿ ಸಲ ಗಡಿ ನೋಡುತ್ತಾ ಕೂತರೆ ದುಬಾರಿ. ಬರೆಯುವವನಿಗೆ ಗೊತ್ತಿರುತ್ತದೆ ಅಂತ ನಂಬಿ ಬಿಟ್ಟರು. ಆ ನಂಬಿಕೆಗೆ ಎಷ್ಟು ಬೆಲೆ ತೆರುತ್ತಿದ್ದೇವೆ ನೋಡಿ: ತಾವು ವರ್ಷವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ನೂರಕ್ಕೆ ಸುಮಾರು 70 ಮೆಮೊರಿಯ ತಪ್ಪುಗಳೇ ಅಂತ 2019ರಲ್ಲಿ ಮೈಕ್ರೋಸಾಫ್ಟ್‌ನವರು ಹೇಳಿದರು.

ನನ್ನ ಚೀಟಿಯಂಥ ತಪ್ಪನ್ನು ತಡೆಯುವುದು ಸುಲಭ. ಪ್ರೋಗ್ರಾಂ ಓಡುವಾಗ ರಸ್ಟ್ ಅಳತೆ ನೋಡುತ್ತದೆ, ಮೀರಿದರೆ ಅಲ್ಲೇ ನಿಲ್ಲಿಸುತ್ತದೆ. ನಿಮ್ಮನ್ನು ಸತಾಯಿಸುತ್ತಿರುವುದು ಇನ್ನೊಂದು ಬಗೆಯ ತಪ್ಪು.

ಅಂಗಡಿಯ ಕಿರ್ದಿ ಪುಸ್ತಕ ನೆನಪಿಸಿಕೊಳ್ಳಿ. ಒಬ್ಬರು ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದಾರೆ. ಅಷ್ಟರಲ್ಲಿ ಗುಮಾಸ್ತರು ಹೊಸ ಸಾಲು ಸೇರಿಸಲು ಬಂದರು. ಹಾಳೆ ತುಂಬಿದೆ. ಅವರು ಎಲ್ಲವನ್ನೂ ದೊಡ್ಡ ಪುಸ್ತಕಕ್ಕೆ ನಕಲು ಮಾಡಿ, ಹಳೆಯದನ್ನು ರದ್ದಿಗೆ ಹಾಕಿದರು. ಓದುವವರ ಬೆರಳು ಈಗ ಎಲ್ಲಿದೆ? ವೆಕ್ಟರ್‌ಗೆ (ಬೇಕಾದಂತೆ ಬೆಳೆಯುವ ಪಟ್ಟಿಗೆ) ಹೊಸ ಅಂಶ ಸೇರಿಸಿದಾಗ ಜಾಗ ಸಾಲದಿದ್ದರೆ ಆಗುವುದು ಇದೇ. ಹಳೇ ಪಾಯಿಂಟರ್, ಅಂದರೆ ಆ ಬೆರಳು, ರದ್ದಿಯನ್ನು ತೋರಿಸುತ್ತಿರುತ್ತದೆ. ಅಲ್ಲಿ ಹಳೇ ಅಂಕಿ ಇನ್ನೂ ಉಳಿದಿದ್ದರೆ ಪ್ರೋಗ್ರಾಂ ಆರು ತಿಂಗಳು ಸರಿಯಾಗೇ ಓಡಿದ ಹಾಗೆ ಕಾಣುತ್ತದೆ. ಅದಕ್ಕೇ ರಸ್ಟ್‌ನ ನಿಯಮ: ಓದುವವರು ಎಷ್ಟು ಜನ ಬೇಕಾದರೂ ಇರಲಿ, ಇಲ್ಲವೇ ಬರೆಯುವವರು ಒಬ್ಬರೇ ಇರಲಿ. ಎರಡೂ ಒಟ್ಟಿಗೆ ಇಲ್ಲ. ಪ್ರತಿ ಪುಸ್ತಕಕ್ಕೂ ಮಾಲೀಕ ಒಬ್ಬನೇ. ಅವನ ಕೆಲಸ ಮುಗಿದ ಕೂಡಲೇ ಜಾಗ ಖಾಲಿ. ಇದನ್ನೆಲ್ಲ ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ನೋಡಿ ಮುಗಿಸುತ್ತದೆ.

ಜಾವಾ ತರ ಗಾರ್ಬೇಜ್ ಕಲೆಕ್ಟರ್ (ಬೇಡವಾದ ಮೆಮೊರಿಯನ್ನು ತಾನೇ ಹುಡುಕಿ ಖಾಲಿ ಮಾಡುವ ವ್ಯವಸ್ಥೆ) ಇಟ್ಟಿದ್ದರೆ ಆಗುತ್ತಿರಲಿಲ್ವಾ ಅಂತ ನೀವು ಕೇಳಬಹುದು. ಶುರುವಿನಲ್ಲಿ ಇಟ್ಟಿದ್ದರು! 2006ರಲ್ಲಿ ಗ್ರೇಡನ್ ಹೋರ್ ಬಿಡುವಿನ ವೇಳೆಯ ಸ್ವಂತ ಕೆಲಸವಾಗಿ ಶುರು ಮಾಡಿದ ಭಾಷೆ ಇದು. 2009ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಬೆಂಬಲಕ್ಕೆ ನಿಂತಿತು. 2015ರ ಮೇ ತಿಂಗಳಲ್ಲಿ 1.0 ಬರುವ ಹೊತ್ತಿಗೆ ಕಲೆಕ್ಟರನ್ನು ತೆಗೆದುಹಾಕಿದ್ದರು. ಅದು ತನಗೆ ಬೇಕಾದಾಗ ಕಸ ಗುಡಿಸುತ್ತದೆ, ಜೊತೆಗೆ ಜಾಸ್ತಿ ಮೆಮೊರಿ ಕೇಳುತ್ತದೆ. ಕೆಲವೇ ಕಿಲೋಬೈಟ್ ಇರುವ ಕಾಟಾದ ಚಿಪ್ಪಿನಲ್ಲಿ ಅದಕ್ಕೆ ಜಾಗ ಎಲ್ಲಿ? ನನ್ನ ಲೆಕ್ಕದಲ್ಲಿ ರಸ್ಟ್‌ನವರು ತೆಗೆದುಕೊಂಡ ತೀರ್ಮಾನಗಳಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು.

ಕಷ್ಟವೂ ಇದೆ. ಕಂಪೈಲ್ ಆಗುವುದು ನಿಧಾನ. ಎರಡೂ ಕಡೆಗೆ ಕೊಂಡಿ ಇರುವ ಲಿಂಕ್ಡ್ ಲಿಸ್ಟ್ ಬರೆಯಲು ಹೋದರೆ ತಲೆ ಕೆಡುತ್ತದೆ. ಹಾರ್ಡ್‌ವೇರ್ ಜೊತೆ ನೇರವಾಗಿ ಮಾತಾಡುವ ಕಡೆ ‘ಅನ್‌ಸೇಫ್’ ಅಂತ ಬರೆದು ಹೊಣೆ ನೀವೇ ಹೊರಬೇಕು. ಜಿಗ್ ಎಂಬ ಭಾಷೆ ಬೇರೆ ದಾರಿ ಹಿಡಿದಿದೆ. ಅಲ್ಲಿ ಮಾಲೀಕತ್ವದ ಕಾವಲಿಲ್ಲ, ಆದರೆ ಮೆಮೊರಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮುಚ್ಚಿಡುವ ಹಾಗಿಲ್ಲ. ಅದೂ ಒಳ್ಳೆಯ ಯೋಚನೆಯೇ.

ಸಿ ಬಿಡಬೇಡಿ. 2022ರ ಡಿಸೆಂಬರ್‌ನಲ್ಲಿ 6.1 ಆವೃತ್ತಿಯೊಂದಿಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ರಸ್ಟ್ ಕಾಲಿಟ್ಟಿತು, ಆದರೂ ಅದರ ಬಹುಪಾಲು ಸಿಯಲ್ಲೇ ಇದೆ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಸಿಯಲ್ಲಿ 32 ಬೈಟಿನ ಹೆಸರು, ಪಕ್ಕದಲ್ಲೊಂದು ತೂಕ ಇಡಿ. ಹೆಸರಿನ ಜಾಗಕ್ಕೆ ನಿಮ್ಮ ತಾತನ ಪೂರ್ತಿ ಹೆಸರನ್ನು ಕನ್ನಡದಲ್ಲಿ ನಕಲು ಮಾಡಿ. ಏನಾಗುತ್ತದೆ ನೋಡಿ. ಆಮೇಲೆ ಅದನ್ನೇ ರಸ್ಟ್‌ನಲ್ಲಿ ಬರೆಯಲು ಪ್ರಯತ್ನಿಸಿ, ಎಲ್ಲಿ ತಡೆಯುತ್ತದೆ ಅಂತ ನನಗೆ ಬರೆದು ತಿಳಿಸಿ.