ಫೆದರ್‌ಸ್ಟನ್‌ಹಾ: ಆಸ್ತಿಯ ಜೊತೆ ಕೈ ಬದಲಿಸಿದ ಹೆಸರು

ಇಂಗ್ಲಿಷಿನಲ್ಲಿ ಅತಿ ಉದ್ದದ ಕಾಗುಣಿತದಲ್ಲಿ ಬರೆದರೆ 17 ಅಕ್ಷರ. ಕೆಲವು ಮನೆಗಳಲ್ಲಿ ಕರೆಯುವುದು ‘ಫ್ಯಾನ್‌ಶಾ’ ಎಂದಷ್ಟೇ. ಫೆದರ್‌ಸ್ಟನ್‌ಹಾ ಎಂಬ ಮನೆತನದ ಹೆಸರಿನ ಮಾತು ಸಾಮಾನ್ಯವಾಗಿ ಈ ತಮಾಷೆಯಲ್ಲೇ ಮುಗಿದುಹೋಗುತ್ತದೆ. ಹೆಸರು ಉಳಿದುಬಂದ ಬಗೆ ಅದಕ್ಕಿಂತ ವಿಚಿತ್ರ.

ಮೂಲ ಇಂಗ್ಲೆಂಡಿನ ಉತ್ತರದಂಚಿನ ನಾರ್ತಂಬರ್ಲೆಂಡ್. ಹಾಲ್ಟ್‌ವಿಸಲ್ ಪಟ್ಟಣದ ಹತ್ತಿರ, ಸೌತ್ ಟೈನ್ ನದಿಯ ದಡದಲ್ಲಿ ಫೆದರ್‌ಸ್ಟನ್ ಕೋಟೆ ಇದೆ. ಇಲ್ಲಿನ ‘ಫೆದರ್’ ಹಕ್ಕಿಯ ಗರಿಯಲ್ಲ, ಹಳೆಯ ಇಂಗ್ಲಿಷಿನ ‘ನಾಲ್ಕು’; ‘ಸ್ಟನ್’ ಎಂದರೆ ಕಲ್ಲು: ಮೂರು ನಿಲುಗಲ್ಲು, ಮೇಲೊಂದು ಚಪ್ಪಡಿ. ‘ಹಾ’ ಎಂದರೆ ಹೊಳೆ ಪಕ್ಕದ ತಗ್ಗು ನೆಲ. ಜಾಗದ ಹೆಸರು ಜಮೀನುದಾರರಿಗೆ ಅಂಟಿತು. ಶತಮಾನಗಳಲ್ಲಿ ಶಾಖೆಗಳು ಚದುರಿದವು, ಕಾಗುಣಿತವೂ ಚದುರಿತು.

ಸಸೆಕ್ಸ್ ಶಾಖೆಯ ಮ್ಯಾಥ್ಯೂ 1747ರಲ್ಲಿ ಅಪ್‌ಪಾರ್ಕ್ ಎಸ್ಟೇಟ್ ಕೊಂಡರು. ಅವರ ಮಗ ಸರ್ ಹ್ಯಾರಿ 1825ರಲ್ಲಿ, 70ರ ವಯಸ್ಸಿನಲ್ಲಿ, ತಮ್ಮದೇ ಹಾಲಿನ ಮನೆಯಲ್ಲಿ ಕೆಲಸಕ್ಕಿದ್ದ ಮೇರಿ ಆ್ಯನ್ ಬುಲಕ್‌ರನ್ನು ಮದುವೆಯಾದರು. ಮಕ್ಕಳಿರಲಿಲ್ಲ. 1846ರಲ್ಲಿ ಹ್ಯಾರಿ ತೀರಿಕೊಂಡಾಗ ಎಸ್ಟೇಟ್ ಮೇರಿಗೆ, ಆಮೇಲೆ ಅವರ ತಂಗಿ ಫ್ರಾನ್ಸಿಸ್‌ಗೆ ಬಂತು. ಫ್ರಾನ್ಸಿಸ್ ಬುಲಕ್ ಹೆಸರು ಬಿಟ್ಟು ಫೆದರ್‌ಸ್ಟನ್‌ಹಾ ಆದರು. (ಲೇಖಕ ಎಚ್.ಜಿ. ವೆಲ್ಸ್ ಅವರ ತಾಯಿ 1880ರಿಂದ ಮನೆವಾರ್ತೆ ನೋಡಿಕೊಂಡದ್ದು ಇವರ ಬಳಿಯೇ.) 1895ರಲ್ಲಿ ಇವರೂ ತೀರಿಕೊಂಡ ಮೇಲೆ ವಾರಸುದಾರ ಕರ್ನಲ್ ಟರ್ನರ್, ‘ಟರ್ನರ್-ಫೆದರ್‌ಸ್ಟನ್‌ಹಾ’ ಆದರು, ಅವರ ನಂತರ ಬಂದ ನೌಕಾಪಡೆಯ ಮೀಡ್, ‘ಮೀಡ್-ಫೆದರ್‌ಸ್ಟನ್‌ಹಾ’. ಹ್ಯಾರಿಯ ಸಂತಾನ ಯಾರೂ ಅಲ್ಲ.

ನಮ್ಮಲ್ಲಿ ವಂಶ ಉಳಿಸಲು ಮಗುವನ್ನು ದತ್ತು ತರುತ್ತಿದ್ದರು. ಅಲ್ಲಾದರೋ ದೊಡ್ಡವರಾದ ವಾರಸುದಾರರಿಗೇ ಹೆಸರು ತೊಡಿಸುತ್ತಿದ್ದರು. ಹೆಸರು, ಲಾಂಛನ ಒಪ್ಪಿದರಷ್ಟೇ ಆಸ್ತಿ ಎಂಬ ಷರತ್ತು ಆ ಕಾಲದ ಶ್ರೀಮಂತರ ಉಯಿಲುಗಳಲ್ಲಿ ಮಾಮೂಲಿ. ಇಷ್ಟಾದರೂ ‘ಪ್ರಾಚೀನ ರಕ್ತ’ದ ಹೆಮ್ಮೆ ಇಂಥ ಹೆಸರುಗಳ ಸುತ್ತಲೇ ಹೆಚ್ಚು.

ವಂಶವೃಕ್ಷ ಹುಡುಕುವವರು ಎಡವುವುದು ಇಲ್ಲೇ. ಸದ್ದಿನ ಮೇಲೆ ಹೆಸರು ಗುಂಪು ಮಾಡುವ ಸೌಂಡೆಕ್ಸ್ ಪದ್ಧತಿಯಲ್ಲಿ ಫೆದರ್‌ಸ್ಟನ್‌ಹಾ ಎಫ್362, ಫ್ಯಾನ್‌ಶಾ ಎಫ್520. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಸಿಕ್ಕರೂ ನಂಬುವಂತಿಲ್ಲ, ಡರ್ಬಿಶೈರ್ ಮೂಲದ ಫ್ಯಾನ್‌ಶಾ ಬೇರೆಯೇ ಮನೆತನ. ಇಂಗ್ಲಿಷ್ ಕಾಗುಣಿತದಲ್ಲಿ ಮೊದಲ ‘ಎ’ ಇರುವ, ಇಲ್ಲದ ರೂಪ, ಕೊನೆಯ ‘ಹಾ’ ಬಿಟ್ಟ ರೂಪ, ಎಲ್ಲವನ್ನೂ ಹಾಕಿ ನೋಡಬೇಕು. ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚ್ ದಾಖಲೆಯೇ ಗತಿ. ಹೆಸರು ನಡುವೆ ಥಟ್ಟನೆ ಪ್ರತ್ಯಕ್ಷವಾದರೆ ಜನನ ದಾಖಲೆ ಕೆದಕುವುದನ್ನು ಬಿಟ್ಟು ಉಯಿಲು ನೋಡಿ, ರಾಜ ಪರವಾನಗಿಯ ಹೆಸರು ಬದಲಾವಣೆಗೆ ಲಂಡನ್ ಗೆಜೆಟ್ ನೋಡಿ.