ಗಗೌಜರು: ಕಾಲ್ಕೆಳಗೆ ಗಡಿ ಸರಿದವರು

ಮಾಲ್ಡೋವಾ ದೇಶದ ದಕ್ಷಿಣದಲ್ಲೂ ಅದಕ್ಕೆ ತಾಗಿದ ಉಕ್ರೇನಿನ ಒಡೆಸಾ ಪ್ರಾಂತದಲ್ಲೂ ನೆಲೆಸಿರುವ ಗಗೌಜರು ಆಡುವುದು ಟರ್ಕಿ ಭಾಷೆಗೆ ತೀರ ಹತ್ತಿರದ ನುಡಿ; ಧರ್ಮದಿಂದ ಮಾತ್ರ ಅವರು ಆರ್ಥಡಾಕ್ಸ್ ಕ್ರೈಸ್ತರು. 13ನೆಯ ಶತಮಾನದ, ಸೆಲ್ಜುಕ್ ಎಂಬ ತುರ್ಕಿ ರಾಜವಂಶದ ಸುಲ್ತಾನ ಎರಡನೆಯ ಕೈಕಾವುಸನ ಅನುಯಾಯಿಗಳ ಸಂತತಿ ಇವರೆಂದೂ, ಅವನ ಹೆಸರೇ ಸವೆದು ‘ಗಗೌಜ್’ ಆಯಿತೆಂದೂ ಕೆಲವು ವಿದ್ವಾಂಸರು ವಾದಿಸಿದರೆ, ತುರ್ಕಿ ನುಡಿಗೆ ಹೊರಳಿದ ಬಾಲ್ಕನ್ ಕ್ರೈಸ್ತರಿವರು ಎಂಬುದು ಇನ್ನೊಂದು ಪಕ್ಷ. ವೈ ವರ್ಣತಂತುಗಳ ಅಧ್ಯಯನದಲ್ಲಿ ಇವರು ಅನಟೋಲಿಯಾದ ತುರ್ಕರಿಗಿಂತ ನೆರೆಯ ಬಾಲ್ಕನ್ ಜನರಿಗೇ ಹತ್ತಿರವೆಂದು ಕಂಡುಬಂದಿದೆ. ಆದರೆ ತಂದೆಯಿಂದ ಮಗನಿಗಷ್ಟೇ ಇಳಿಯುವ ಆ ವರ್ಣತಂತು ವಂಶದ ಒಂದೆಳೆಯನ್ನು ತೋರಿಸಬಲ್ಲದೇ ಹೊರತು ನುಡಿಯ ಮೂಲವನ್ನಲ್ಲ.

ರಷ್ಯಾ ಮತ್ತು ಆಟೊಮನ್ ಸಾಮ್ರಾಜ್ಯಗಳ ಯುದ್ಧಗಳ ಕಾಲದಲ್ಲಿ, 18ನೆಯ ಶತಮಾನದ ಕೊನೆಯಿಂದ ಮೊದಲ್ಗೊಂಡು, ಇವರು ಈಶಾನ್ಯ ಬಲ್ಗೇರಿಯದ ಕಡೆಯಿಂದ ಡಾನ್ಯೂಬ್ ನದಿಯನ್ನು ದಾಟಿ, ನೊಗಾಯ್ ತಾತಾರರನ್ನು ತೆರವುಗೊಳಿಸಿದ್ದ ಬುಜಾಕ್ ಹುಲ್ಲುಗಾವಲಿಗೆ ಬಂದರು. 1812ರಲ್ಲಿ ಬುಜಾಕನ್ನೊಳಗೊಂಡ ಬೆಸ್ಸರೇಬಿಯ ಪ್ರಾಂತ ರಷ್ಯಾಕ್ಕೆ ಸೇರಿತು. ಅಲ್ಲಿಂದಾಚೆಗೆ ಅಲೆದದ್ದು ಹೆಚ್ಚಾಗಿ ಗಡಿಗಳೇ. 1856ರ ಪ್ಯಾರಿಸ್ ಒಪ್ಪಂದ ಅದರ ದಕ್ಷಿಣದ ಪಟ್ಟಿಯನ್ನು ಆಗಿನ ಮೊಲ್ಡಾವಿಯಾ ಸಂಸ್ಥಾನಕ್ಕೆ ಕೊಟ್ಟಾಗ ವಲಸಿಗರ ಹಳ್ಳಿಗಳು ಎರಡು ರಾಜ್ಯಗಳಿಗೆ ಹಂಚಿಹೋದವು. 1878ರಲ್ಲಿ ಆ ಪಟ್ಟಿ ಮತ್ತೆ ರಷ್ಯಾದ ಪಾಲಾಯಿತು. 1910ರಲ್ಲಿ ಕೊಮ್ರಾತ್ ಊರಿನಲ್ಲಿ ಹುಟ್ಟಿದವರೊಬ್ಬರನ್ನು ಊಹಿಸಿಕೊಳ್ಳಿ: ಹುಟ್ಟಿದ್ದು ರಷ್ಯಾದ ಜಾರ್ ಚಕ್ರವರ್ತಿಯ ಪ್ರಜೆಯಾಗಿ, 1918ರಲ್ಲಿ ರುಮೇನಿಯ, 1940ರಲ್ಲಿ ಸೋವಿಯತ್ ಒಕ್ಕೂಟ, 1941ರಲ್ಲಿ ಪುನಃ ರುಮೇನಿಯ, 1944ರಲ್ಲಿ ಪುನಃ ಸೋವಿಯತ್, ಎಂಬತ್ತೊಂದು ವರ್ಷ ಬದುಕಿದ್ದರೆ ಸ್ವತಂತ್ರ ಮಾಲ್ಡೋವಾ, ಅಷ್ಟಕ್ಕೂ ಮನೆ ಬದಲಿಸಬೇಕಾಗಿರಲಿಲ್ಲ.

ಈ ಇತಿಹಾಸದ ಗುರುತು ವ್ಯಾಕರಣದಲ್ಲೂ ಉಳಿದಿದೆ. ಕನ್ನಡದಂತೆ ಟರ್ಕಿ ಭಾಷೆಯಲ್ಲೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಸ್ಲಾವಿಕ್ ಭಾಷೆಗಳ ಒಡನಾಟದಲ್ಲಿ ಬೆಳೆದ ಗಗೌಜ್ ನುಡಿಯಲ್ಲಿ ಅದು ಬಹುಮಟ್ಟಿಗೆ ಕರ್ಮಪದಕ್ಕಿಂತ ಮೊದಲೇ ಬರುತ್ತದೆ. ಲಿಪಿಯೂ ಸ್ಥಿರವಾಗಿ ನಿಲ್ಲಲಿಲ್ಲ: 1957ರಲ್ಲಿ ಸಿರಿಲಿಕ್ ಅಧಿಕೃತವಾಯಿತು, 1990ರ ದಶಕದಲ್ಲಿ ಲ್ಯಾಟಿನ್ ಬಂತು.

ಸೋವಿಯತ್ ಒಕ್ಕೂಟ ಸಡಿಲುತ್ತಿದ್ದ 1990ರ ಆಗಸ್ಟ್‌ನಲ್ಲಿ ಗಗೌಜ್ ನಾಯಕರು ಪ್ರತ್ಯೇಕ ಗಣರಾಜ್ಯವನ್ನು ಘೋಷಿಸಿದರು. ಮಾತುಕತೆಯ ಫಲವಾಗಿ 1994ರ ಡಿಸೆಂಬರ್‌ನಲ್ಲಿ ಮಾಲ್ಡೋವಾ ಸಂಸತ್ತು ಸ್ವಾಯತ್ತತೆಯ ಕಾನೂನನ್ನು ಅಂಗೀಕರಿಸಿತು. ದೇಶದ ಸ್ವತಂತ್ರ ಸ್ಥಾನಮಾನವೇ ಬದಲಾದರೆ ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸುವ ಹಕ್ಕು ಗಗೌಜರಿಗಿದೆ ಎಂಬ ಷರತ್ತು ಅದರಲ್ಲಿದೆ. ಇಷ್ಟು ಸಲ ಕೈ ಬದಲಾದವರಿಗೆ ಅದು ಅತಿಯಾದ ಎಚ್ಚರಿಕೆಯೆಂದು ನನಗನಿಸುವುದಿಲ್ಲ. ಯಾವ ಊರು ಒಳಗೆ, ಯಾವುದು ಹೊರಗೆ ಎಂಬುದನ್ನು 1995ರ ಮಾರ್ಚ್‌ನಲ್ಲಿ ಹಳ್ಳಿಗರ ಮತದಿಂದ ತೀರ್ಮಾನಿಸಿದ್ದರಿಂದ, ಗಗೌಜಿಯ ಎಂಬ ಆ ಸ್ವಾಯತ್ತ ಪ್ರದೇಶ ಇಂದು ನಕಾಶೆಯಲ್ಲಿ ಒಂದಕ್ಕೊಂದು ತಾಗದ ತುಂಡುಗಳಾಗಿ ಕಾಣುತ್ತದೆ. 1940ರಲ್ಲಿ ಎಳೆದ ಗೆರೆಯಿಂದಾಗಿ ಉಕ್ರೇನಿನ ಪಾಲಾದ ಗಗೌಜ್ ಹಳ್ಳಿಗಳಿಗೆ ಆ ಮತದಾನದಲ್ಲಿ ಪಾಲಿರಲಿಲ್ಲ.