ನಿವೃತ್ತಿ ಮುರಿದು ಬರುವವರು ಮತ್ತು ಏಳನೇ ವಾರದ ಅಪಾಯ

ದೊಡ್ಡ ಆಟಗಾರರೊಬ್ಬರು ನಿವೃತ್ತಿ ಮುರಿದು ಮತ್ತೆ ಕಣಕ್ಕಿಳಿಯುತ್ತೇನೆ ಅಂದರೆ ಸಾಕು, ಸಂಜೆಯೊಳಗೆ ದಾವಣಗೆರೆಯ ಜಯದೇವ ಸರ್ಕಲ್ ಸುತ್ತಿನ ಚಹಾದಂಗಡಿಗಳಲ್ಲಿ ಎರಡು ಪಕ್ಷ ಹುಟ್ಟಿಕೊಂಡಿರುತ್ತವೆ. ಒಂದು ಪಕ್ಷದ್ದು, "ಹಳೇ ಹುಲಿ ಕಣಪ್ಪ, ಪಂಜಾ ಎಲ್ಲಿಗೋಗುತ್ತೆ?" ಇನ್ನೊಂದು ಪಕ್ಷದ್ದು, "ಮರ್ಯಾದೆಯಿಂದ ಬಿಟ್ಟಿದ್ರಲ್ಲಣ್ಣ, ಮತ್ತ್ಯಾಕೆ ಬೇಕಿತ್ತು?" ಇಬ್ಬರೂ ಮಾತಾಡುವುದು ಛಲ, ಪ್ರತಿಭೆ, ಹೆಸರು, ದುಡ್ಡಿನ ಬಗ್ಗೆ. ಆಟಗಾರರ ಮೈ ನೋಡುವ ನಮ್ಮಂಥ ಫಿಸಿಯೊಗಳ ಪ್ರಶ್ನೆಗಳು ಬೇರೆ. ಯಾವುದರಿಂದ ನಿವೃತ್ತರಾಗಿದ್ದರು? ಎಷ್ಟು ತಿಂಗಳು? ಆ ಹೊತ್ತಿನಲ್ಲಿ ಮೈ ಏನು ಮಾಡುತ್ತಿತ್ತು? ಮೊದಲ ಪಂದ್ಯಕ್ಕೆ ಇನ್ನೆಷ್ಟು ವಾರ ಇದೆ?

ಮೊದಲ ಪ್ರಶ್ನೆಯಲ್ಲೇ ಅರ್ಧ ಜಗಳ ಮುಗಿಯುತ್ತದೆ. ಅಭಿಮಾನಿಗಳು ಎಲ್ಲ ಮರಳುವಿಕೆಯನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ನಮ್ಮ ಜಾವಗಲ್ ಶ್ರೀನಾಥ್ 2002ರಲ್ಲಿ ಟೆಸ್ಟ್ ಬಿಟ್ಟು ಅದೇ ವರ್ಷ ಮತ್ತೆ ಟೆಸ್ಟ್‌ಗೆ ಬಂದರು, 2003ರ ವಿಶ್ವಕಪ್ ಫೈನಲ್‌ವರೆಗೂ ಬೌಲ್ ಮಾಡಿದರು. ಆದರೆ ಅವರು ಒಂದು ದಿನದ ಪಂದ್ಯಗಳನ್ನು ಬಿಟ್ಟೇ ಇರಲಿಲ್ಲ. ಫುಟ್‌ಬಾಲ್‌ನ ಸುನಿಲ್ ಛೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದರು, 2025ರ ಮಾರ್ಚ್‌ನಲ್ಲಿ ಮರಳಿ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದರು. ಆಗ ವಯಸ್ಸು 40. ನಡುವಿನ ತಿಂಗಳುಗಳಲ್ಲಿ ಅವರು ಬೆಂಗಳೂರು ಎಫ್‌ಸಿ ಪರ ಆಡುತ್ತಲೇ ಇದ್ದರು, ಗೋಲುಗಳೂ ಬರುತ್ತಲೇ ಇದ್ದವು. ಮೈಯ ಲೆಕ್ಕದಲ್ಲಿ ಇವರಿಬ್ಬರೂ ನಿವೃತ್ತರೇ ಅಲ್ಲ. "ಛೆಟ್ರಿಗೆ ಆಗೋದು ಇವರಿಗ್ಯಾಕಾಗಲ್ಲ" ಅನ್ನುವ ವಾದ ಪೂರ್ತಿ ಆಟ ನಿಲ್ಲಿಸಿದವರಿಗೆ ಅನ್ವಯಿಸುವುದಿಲ್ಲ.

ಕುಸ್ತಿಯ ಊರಾದ್ದರಿಂದ ಇಲ್ಲಿ ಹೆಚ್ಚು ಚರ್ಚೆಯಾದದ್ದು ವಿನೇಶ್ ಫೋಗಟ್ ವಿಷಯ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 6ರಂದು ಮೊದಲ ಪಂದ್ಯದಲ್ಲೇ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿ, ಅದೇ ದಿನ ಫೈನಲ್ ತಲುಪಿದರು. ಮಾರನೇ ಬೆಳಿಗ್ಗೆ 50 ಕೆಜಿ ವಿಭಾಗದಲ್ಲಿ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು, 8ರಂದು ನಿವೃತ್ತಿ ಘೋಷಿಸಿದರು. ಆಮೇಲೆ ಶಾಸಕಿಯಾದರು, 2025ರಲ್ಲಿ ತಾಯಿಯಾದರು, ಆ ವರ್ಷದ ಡಿಸೆಂಬರ್‌ನಲ್ಲಿ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್ ಗುರಿಯಿಟ್ಟು ಮರಳುವುದಾಗಿ ಹೇಳಿದರು. ಇದು ಛೆಟ್ರಿ ತರಹದ ಮರಳುವಿಕೆ ಅಲ್ಲ. ಆ ಹೊತ್ತಿಗೆ ಚಾಪೆ ಬಿಟ್ಟು ಒಂದು ವರ್ಷಕ್ಕೂ ಹೆಚ್ಚಾಗಿತ್ತು, ನಡುವೆ ಹೆರಿಗೆಯಾಗಿತ್ತು, ತೂಕದ ವಿಭಾಗದ ಪ್ರಶ್ನೆ ಹಾಗೇ ಇತ್ತು. ಅವರಿಗೆ ಅನುಕೂಲವಾಗಿದ್ದದ್ದು ಒಂದೇ, ಕೈಯಲ್ಲಿದ್ದ ಸಮಯ. ಅಭಿಮಾನಿಗಳು ಅವರಿಂದ ಕಿತ್ತುಕೊಳ್ಳಲು ನೋಡುವುದೂ ಅದನ್ನೇ. "ಮುಂದಿನ ಟೂರ್ನಿ ಯಾವಾಗ?" ಅನ್ನುವ ಪ್ರಶ್ನೆ ಘೋಷಣೆಯ ದಿನವೇ ಶುರುವಾಗುತ್ತದೆ.

ಅಷ್ಟು ಬೇಗ ಬರಲು ನಿಯಮವೂ ಬಿಡುವುದಿಲ್ಲ. ಉದ್ದೀಪನ ಮದ್ದು ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿದ್ದು ನಿವೃತ್ತರಾದ ಆಟಗಾರರು ಮತ್ತೆ ಸ್ಪರ್ಧಿಸಬೇಕಾದರೆ ತಮ್ಮ ಅಂತರರಾಷ್ಟ್ರೀಯ ಫೆಡರೇಷನ್‌ಗೂ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಗೂ (ನಮ್ಮಲ್ಲಿ ನಾಡಾ) ಆರು ತಿಂಗಳು ಮುಂಚೆ ಬರೆದು ಕೊಡಬೇಕು. ಆ ಆರು ತಿಂಗಳೂ ಪರೀಕ್ಷೆಗೆ ಸಿಗುವಂತಿರಬೇಕು. ಪಟ್ಟಿಗೆ ಸೇರಿದ ಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ ಎಲ್ಲಿರುತ್ತೇವೆ ಎಂಬ ವಿವರ ತುಂಬಬೇಕು, ದಿನಕ್ಕೆ 60 ನಿಮಿಷದ ಒಂದು ಹೊತ್ತು ಗೊತ್ತು ಮಾಡಿ ಹೇಳಿದ ಜಾಗದಲ್ಲೇ ಇರಬೇಕು. ಹನ್ನೆರಡು ತಿಂಗಳೊಳಗೆ ಮೂರು ಸಲ ತಪ್ಪಿದರೆ ಅದೇ ಅಪರಾಧ, ಮದ್ದು ತೆಗೆದುಕೊಂಡಿರಲೇಬೇಕೆಂದಿಲ್ಲ. ಆರು ತಿಂಗಳ ನಿಯಮ ಮುರಿದು ಆಡಿದರೆ ಆ ಪಂದ್ಯದ ಫಲಿತಾಂಶ ರದ್ದಾಗುತ್ತದೆ. ಆದ್ದರಿಂದ "ಬರ್ತೀನಿ ಅಂದ್ರು, ಬರಲೇ ಇಲ್ಲ, ಬರೀ ಪ್ರಚಾರ" ಎಂದು ಬೈಯುವ ಮೊದಲು ಘೋಷಣೆಯಿಂದ ಆರು ತಿಂಗಳು ಎಣಿಸಿ ನೋಡಿ.

ಈಗ ಮೈಗೆ ಬರೋಣ. ಆಟ ನಿಲ್ಲಿಸಿದರೆ ಎಲ್ಲವೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಬೇಗ ಹೋಗುವುದು ದಮ್ಮು. ಚೆನ್ನಾಗಿ ಪಳಗಿದ ಓಟಗಾರರು ತರಬೇತಿ ಪೂರ್ತಿ ನಿಲ್ಲಿಸಿದಾಗ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೂರು ವಾರಕ್ಕೆ ಸುಮಾರು 7 ಪ್ರತಿಶತ, ಹನ್ನೆರಡು ವಾರಕ್ಕೆ ಸುಮಾರು 16 ಪ್ರತಿಶತ ಇಳಿದದ್ದನ್ನು ಅಳೆದಿದ್ದಾರೆ. ಬಲ ಅಷ್ಟು ಬೇಗ ಹೋಗುವುದಿಲ್ಲ, ಹೋದರೂ ಬೇಗ ವಾಪಸ್ ಬರುತ್ತದೆ. ಮೊದಲೊಮ್ಮೆ ಬೆಳೆಸಿದ ಮಾಂಸಖಂಡ ಹೊಸಬರದಕ್ಕಿಂತ ಬೇಗ ತುಂಬಿಕೊಳ್ಳುತ್ತದೆ. ಪಟ್ಟು ಹಾಕುವ ಅಭ್ಯಾಸ, ಚೆಂಡಿನ ಸಾಲು ಗುರುತಿಸುವ ಕಣ್ಣು ಇನ್ನೂ ನಿಧಾನ ಮಾಸುತ್ತವೆ. ಈ ಮಟ್ಟಿಗೆ "ಕಲಿತ ವಿದ್ಯೆ ಎಲ್ಲಿಗೂ ಹೋಗಲ್ಲ" ಅನ್ನುವವರ ಮಾತು ಸರಿ.

ಲೆಕ್ಕ ತಪ್ಪಿಸುವುದು ಟೆಂಡನ್. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ ಅದು. ಹಿಮ್ಮಡಿಯ ಹಿಂದೆ, ಮಂಡಿಚಿಪ್ಪಿನ ಕೆಳಗೆ, ತೊಡೆಯ ಹಿಂಭಾಗ ಕೂರುವ ಮೂಳೆಗೆ ಅಂಟುವ ಜಾಗದಲ್ಲಿ ಕೈಯಿಟ್ಟರೆ ಸಿಗುತ್ತದೆ. ತರಬೇತಿ ಶುರು ಮಾಡಿದ ನಾಲ್ಕರಿಂದ ಆರು ವಾರದಲ್ಲಿ ಮಾಂಸಖಂಡ ಬಲ ತೋರಿಸತೊಡಗುತ್ತದೆ. ಟೆಂಡನ್ ಆ ಬಲವನ್ನು ಹೊರುವಷ್ಟು ಗಟ್ಟಿಯಾಗಲು ಕನಿಷ್ಠ ಹನ್ನೆರಡು ವಾರ ಬೇಕು, ಮೂವತ್ತೈದು ದಾಟಿದವರಿಗೆ ಇನ್ನೂ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು. ಹಾಗಾಗಿ ಆರರಿಂದ ಹತ್ತನೇ ವಾರದವರೆಗೆ ಎಂಜಿನ್ ಹೊಸದು, ಬೆಲ್ಟ್ ಹಳೆಯದು. ಆಟಗಾರರಿಗೆ ಮೈ ಹಗುರ ಅನಿಸುವುದು, ವೇಗ ಬರುವುದು, ಯಾರೋ ಅಭ್ಯಾಸದ ವಿಡಿಯೊ ಹಾಕುವುದು, "ಇನ್ನೇನು ಕಾಯೋದು, ಆಡಿಸ್ರೋ" ಎಂಬ ಕೂಗು ಏಳುವುದು, ಎಲ್ಲ ಆ ವಾರಗಳಲ್ಲೇ. ಹಿಮ್ಮಡಿ ಹುರಿ ಕಿತ್ತುಕೊಳ್ಳುವುದು, ತೊಡೆ ಹಿಂದೆ ಹಿಡಿದುಕೊಳ್ಳುವುದು ಕೂಡ ಅದೇ ವಾರಗಳಲ್ಲಿ ಆಗಿಬಿಡಬಹುದು. ಆಗ "ವಯಸ್ಸಾಯ್ತು ಪಾಪ" ಅನ್ನುತ್ತಾರೆ. ವಯಸ್ಸಿನ ಪಾಲು ಇದ್ದೇ ಇದೆ, ಆದರೆ ಹೆಚ್ಚಿನ ಪಾಲು ಆತುರದ್ದು.

ಟೆಂಡನ್ ಗಟ್ಟಿ ಮಾಡುವ ಕೆಲಸ ನೋಡುವವರಿಗೆ ಬೇಸರ ತರಿಸುತ್ತದೆ, ಅದಕ್ಕೇ ಅದು ವಿಡಿಯೊಗಳಲ್ಲಿ ಕಾಣುವುದಿಲ್ಲ. ಭಾರ ಹೆಚ್ಚು, ಚಲನೆ ನಿಧಾನ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಹಿಮ್ಮಡಿ ಎತ್ತುವುದಾಗಲಿ, ಸ್ಕ್ವಾಟ್ ಆಗಲಿ, ಏರಲು ಮೂರು ಸೆಕೆಂಡು, ಇಳಿಯಲು ಮೂರು ಸೆಕೆಂಡು. ಹದಿನೈದು ಸಲ ಮಾತ್ರ ಎತ್ತಲಾಗುವ ಭಾರದಿಂದ ಶುರು ಮಾಡಿ, ಹನ್ನೆರಡು ವಾರದಲ್ಲಿ ಆರೇ ಸಲ ಎತ್ತಲಾಗುವ ಭಾರಕ್ಕೆ ಹೋಗಬೇಕು. ನೋವು ಹತ್ತರಲ್ಲಿ ಮೂರು ನಾಲ್ಕರವರೆಗೆ ಬಂದರೆ ಪರವಾಗಿಲ್ಲ, ಆದರೆ ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಮೊದಲ ಹೆಜ್ಜೆಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲವೆಂದರೆ ಹಿಂದಿನ ದಿನ ಹಾಕಿದ ಭಾರ ಹೆಚ್ಚಾಯಿತು. ಪೂರ್ತಿ ವೇಗದ ಓಟಕ್ಕೆ ಬಿಡುವ ಮೊದಲು ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿಸಿ ಎಣಿಸುತ್ತೇವೆ. ಇಪ್ಪತ್ತೈದು ಸಲ ಮುಟ್ಟಬೇಕು, ಎರಡು ಕಾಲಿನ ವ್ಯತ್ಯಾಸ ಹತ್ತು ಪ್ರತಿಶತ ಮೀರಬಾರದು. ಒಂಟಿ ಕಾಲ ಜಿಗಿತಕ್ಕೂ ಅದೇ ಅಳತೆ. ಹೈಸ್ಕೂಲ್ ಮೈದಾನದಲ್ಲಿ ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್‌ಗೆ ಇಳಿಯುವ ನಲವತ್ತರ ಅಣ್ಣಂದಿರು ಈ ಇಪ್ಪತ್ತೈದನ್ನು ಮನೆ ಮೆಟ್ಟಿಲ ಮೇಲೆ ಒಮ್ಮೆ ಎಣಿಸಿ ನೋಡಲಿ. ತಾರೆಯರ ಮೇಲಿನ ಟೀಕೆ ಸ್ವಲ್ಪ ತಣ್ಣಗಾದೀತು.

ವೇಗದ ಬೌಲರ್‌ಗಳಲ್ಲಿ ತೊಂದರೆ ಇನ್ನೊಂದು ಬಗೆಯದು. 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಹುಟ್ಟಿದ ಊರಿನವರಿಗೆ ರನ್ ಅಪ್ ಬಗ್ಗೆ ಹೇಳಿಕೊಡಬೇಕಿಲ್ಲ, ಆದರೆ ಎಸೆತಗಳ ಎಣಿಕೆ ಬಗ್ಗೆ ಹೇಳಬೇಕು. ಸೊಂಟದ ಬೆನ್ನುಮೂಳೆಗೆ ಬೀಳುವ ಪೆಟ್ಟು ಅದೇ ದಿನ ಕಾಣಿಸುವುದಿಲ್ಲ. ಒಮ್ಮೆಲೇ ಓವರ್‌ಗಳು ಏರಿದರೆ ಮೂರು ನಾಲ್ಕು ವಾರದ ಮೇಲೆ ಗಾಯ ತಲೆ ಎತ್ತುತ್ತದೆ. ಮೊದಲ ಎರಡು ವಾರ ನಿಂತಲ್ಲಿಂದಲೇ 24 ಎಸೆತ, ವಾರಕ್ಕೆ ಮೂರು ದಿನ. ಆಮೇಲೆ ಅರ್ಧ ರನ್ ಅಪ್‌ನಲ್ಲಿ 36. ಪೂರ್ತಿ ರನ್ ಅಪ್ ಎಂಟನೇ ವಾರದ ಸುಮಾರಿಗೆ, ಅದೂ ಎಂಬತ್ತು ಪ್ರತಿಶತ ಜೋರಿನಲ್ಲಿ. ಯಾವ ವಾರದ ಎಸೆತಗಳೂ ಹಿಂದಿನ ನಾಲ್ಕು ವಾರದ ಸರಾಸರಿಯ ಒಂದೂವರೆ ಪಟ್ಟು ದಾಟದಂತೆ ನೋಡಿಕೊಳ್ಳಬೇಕು. ಈ ಒಂದೂವರೆಯ ಬಗ್ಗೆ ತಜ್ಞರಲ್ಲೇ ತಕರಾರಿದೆ, ಆದರೆ ಗಲಾಟೆಯ ನಡುವೆ ತಡೆ ಹಾಕಲು ಒಂದು ಅಂಕಿ ಇರುವುದು ಒಳ್ಳೆಯದು.

ಕುಸ್ತಿಯಲ್ಲಿ ಮೊದಲು ತೀರ್ಮಾನವಾಗಬೇಕಾದ್ದು ತೂಕದ ವಿಭಾಗ, ತರಬೇತಿ ಆಮೇಲೆ. ಬಲ ಉಳಿಸಿಕೊಂಡು ತೂಕ ಇಳಿಸಬೇಕಾದರೆ ವಾರಕ್ಕೆ ದೇಹತೂಕದ ಅರ್ಧದಿಂದ ಒಂದು ಪ್ರತಿಶತ ಮಾತ್ರ. 60 ಕೆಜಿಯವರಿಗೆ ಅದು ವಾರಕ್ಕೆ 300ರಿಂದ 600 ಗ್ರಾಂ. ಆರು ಕೆಜಿ ಇಳಿಸಲು ಹತ್ತರಿಂದ ಇಪ್ಪತ್ತು ವಾರ ಹಿಡಿಯುತ್ತದೆ. ನೀರು ಬಿಟ್ಟು, ಬೆವರಿಳಿಸಿ ಕೊನೆಯ ಎರಡು ದಿನದಲ್ಲಿ ಇಳಿಸುವ ಹಳೆಯ ಪದ್ಧತಿ ಎರಡು ದಿನವೂ ಬೆಳಿಗ್ಗೆ ತೂಗುವ ಸ್ಪರ್ಧೆಯಲ್ಲಿ ಹೇಗೆ ಕೈಕೊಡುತ್ತದೆಂದು ಪ್ಯಾರಿಸ್ ತೋರಿಸಿದೆ. ಮೊದಲ ದಿನ ಸ್ಪರ್ಧೆಯ ನಡುವೆ ಕುಡಿದ ನೀರು, ತಿಂದ ಊಟ ರಾತ್ರಿಯೊಳಗೆ ಮತ್ತೆ ಹೊರಹೋಗಬೇಕು, ಆಗಲೇ ಬತ್ತಿದ ಮೈ ಸರಿಯಾಗಿ ಬೆವರುವುದಿಲ್ಲ.

ತಾಯಂದಿರ ವಿಷಯದಲ್ಲಿ ಅಭಿಮಾನಿಗಳ ನಾಲಿಗೆ ಹೆಚ್ಚು ಉದ್ದ. "ಮಗು ಬಿಟ್ಟು ಕುಸ್ತಿ ಬೇಕಾ" ಅನ್ನುವವರಿಗೆ ಉತ್ತರಿಸುವುದು ನಮ್ಮ ಕೆಲಸವಲ್ಲ. ಹೆರಿಗೆಯಾದ ಮೇಲೆ ಮೊದಲ ಮೂರು ತಿಂಗಳು ಓಟ ಬೇಡ, ಕಿಬ್ಬೊಟ್ಟೆ ಮತ್ತು ಸೊಂಟದ ತಳದ ಮಾಂಸಖಂಡಗಳು ಮೊದಲು, ಜಿಗಿತ, ಎತ್ತಿ ಒಗೆಯುವ ಪಟ್ಟುಗಳು ಕೊನೆಗೆ ಎಂಬ ಕ್ರಮ ಹಿಡಿದರೆ ದಾರಿ ಇದೆ. ಬೆಲ್ಜಿಯಂನ ಕಿಮ್ ಕ್ಲೈಸ್ಟರ್ಸ್ 2007ರಲ್ಲಿ ಟೆನಿಸ್ ಬಿಟ್ಟು, 2008ರಲ್ಲಿ ಮಗಳನ್ನು ಹೆತ್ತು, 2009ರಲ್ಲಿ ಯುಎಸ್ ಓಪನ್ ಗೆದ್ದರು. ಮರಳಿದ ಮೇಲೆ ಅದು ಅವರ ಮೂರನೇ ಟೂರ್ನಿ.

ಮೈ ಸಿದ್ಧವಾದರೂ ಆಟವೇ ಬದಲಾಗಿರಬಹುದು. ಟೆನಿಸ್‌ನ ಬ್ಯೋರ್ನ್ ಬೋರ್ಗ್ 1991ರಲ್ಲಿ ಮಾಂಟೆ ಕಾರ್ಲೊ ಟೂರ್ನಿಗೆ ಮರದ ರ‍್ಯಾಕೆಟ್ ಹಿಡಿದೇ ಬಂದರು, ಮೊದಲ ಸುತ್ತಿನಲ್ಲೇ ಸೋತರು. ಫಾರ್ಮುಲಾ ಒನ್ ಕಾರ್ ರೇಸಿನ ಶೂಮಾಕರ್ 2010ರಿಂದ ಮೂರು ಸೀಸನ್ ಓಡಿಸಿ ಒಂದೇ ಒಂದು ಸಲ ಪೋಡಿಯಂ ಹತ್ತಿದರು. ಈಜುಗಾರ ಫೆಲ್ಪ್ಸ್ 2012ರಲ್ಲಿ ಬಿಟ್ಟು 2014ರಲ್ಲಿ ಮರಳಿ ರಿಯೊ ಒಲಿಂಪಿಕ್ಸ್‌ನಲ್ಲಿ ಐದು ಚಿನ್ನ ಗೆದ್ದರು. ಈಜುಕೊಳದ ಉದ್ದ ಅಷ್ಟೇ ಇತ್ತು ಅನ್ನುವುದನ್ನೂ ನೆನಪಿಡಬೇಕು.

"ಹುಡುಗರ ಜಾಗ ಕಿತ್ಕೊಂಡ್ರು" ಅನ್ನುವ ಸಿಟ್ಟಿಗೆ ಮಾತ್ರ ನನ್ನ ಸಹಮತವಿದೆ, ಅರ್ಧ. ಒಲಿಂಪಿಕ್ ಕುಸ್ತಿಯಲ್ಲಿ ಒಂದು ತೂಕಕ್ಕೆ ದೇಶಕ್ಕೊಬ್ಬರೇ. ಆದರೆ ಸಿಟ್ಟು ಹೋಗಬೇಕಾದ್ದು ಆಯ್ಕೆಯ ಪಂದ್ಯವಿಲ್ಲದೆ ಹೆಸರು ನೋಡಿ ಜಾಗ ಕೊಡುವವರ ಮೇಲೆ. ಗೆದ್ದು ಬಂದರೆ ಅದು ಕಿತ್ತುಕೊಂಡದ್ದಲ್ಲ.

ಇನ್ನು ಅಭ್ಯಾಸದ ಆ ವೈರಲ್ ವಿಡಿಯೊ ನೋಡುವ ಬಗೆ. ವೇಗ ನೋಡಬೇಡಿ, ನಿಲ್ಲುವುದನ್ನು ನೋಡಿ. ಜೋರಾಗಿ ಓಡಿ ಬಂದವರು ನಿಲ್ಲಲು ಎಷ್ಟು ಹೆಜ್ಜೆ ತೆಗೆದುಕೊಂಡರು? ಮೂರಕ್ಕೆ ನಿಲ್ಲುತ್ತಿದ್ದವರು ಆರೇಳು ಹೆಜ್ಜೆ ಎಳೆದರೆ ತೊಡೆಯ ಮುಂಭಾಗ ಇನ್ನೂ ಭಾರ ಹಿಡಿಯುತ್ತಿಲ್ಲ. ಪ್ರತಿ ಸಲವೂ ಒಂದೇ ಕಾಲಲ್ಲಿ ನಿಲ್ಲುತ್ತಿದ್ದರೆ ಇನ್ನೊಂದನ್ನು ಕಾಪಾಡುತ್ತಿದ್ದಾರೆ. ಕುಸ್ತಿಪಟು ಎದುರಾಳಿಯ ಕಾಲಿಗೆ ನುಗ್ಗಿದ ಮೇಲೆ ಏಳುವಾಗ ಕೈಯೂರಿದರೋ, ಮಂಡಿಯಿಂದ ನೇರ ಎದ್ದರೋ? ಮೂರು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು ಬಿಡುವು, ಇದು ಪಂದ್ಯ. ಇಪ್ಪತ್ತು ಸೆಕೆಂಡಿನ ತುಣುಕು ಎರಡನೇ ಸುತ್ತಿನ ಕೊನೆಯ ನಿಮಿಷದ ಬಗ್ಗೆ ಏನೂ ಹೇಳುವುದಿಲ್ಲ.

ಊರಲ್ಲಿ ಇದೇ ತೊಂದರೆ ಸಣ್ಣ ರೂಪದಲ್ಲಿ ನಡೆಯುವುದು ದುರ್ಗಾಂಬಿಕಾ ಜಾತ್ರೆಯ ಬಯಲು ಕುಸ್ತಿಯಂಥ ಕಡೆ. ಗರಡಿ ಬಿಟ್ಟು ಹತ್ತು ವರ್ಷವಾದ ಪೈಲ್ವಾನರು ಪೇಟ ಸುತ್ತಿಸಿಕೊಳ್ಳಲು ಬಂದಿರುತ್ತಾರೆ. ಜನ ಸಿಳ್ಳೆ ಹೊಡೆದು "ಒಂದ್ ಕೈ ನೋಡ್ರಣ್ಣ" ಅನ್ನುತ್ತಾರೆ, ಮೈಕಿನವರು ಹೆಸರು ಕೂಗುತ್ತಾರೆ, ಅಲ್ಲೇ ಜೋಡಿ ಕಟ್ಟಿಬಿಡುತ್ತಾರೆ. ಬಿಸಿಯಾಗದ ಮೈ, ಸಡಿಲ ಮಣ್ಣು, ಎದುರಿಗೆ ಇಪ್ಪತ್ತೆರಡರ ಹುಡುಗ. ಭುಜ ಜಾರುವುದು, ಮಂಡಿ ತಿರುಚುವುದು ಹೀಗೇ. ಸಮಿತಿಯವರು ಹಳೆಯ ಪೈಲ್ವಾನರನ್ನು ಆಡಿಸಲೇಬೇಕೆಂದಿದ್ದರೆ ಜಾತ್ರೆಗೆ ನಾಲ್ಕು ತಿಂಗಳ ಮುಂಚೆ ಅವರ ಮನೆಗೆ ಹೋಗಿ ಕೇಳಬೇಕು. ವಸ್ತಾದರ (ಗರಡಿಯ ಗುರುಗಳ) ಕಣ್ಣ ಮುಂದೆ ದಂಡ ಬೈಠಕ್‌ನಿಂದ ಶುರುವಾಗಿ, ಕೊನೆಯ ನಾಲ್ಕು ವಾರ ಮಟ್ಟಿಯಲ್ಲಿ ಜೋಡಿ ಹಿಡಿದಿರಬೇಕು. ಜೋಡಿ ಕಟ್ಟುವಾಗ ತೂಕದ ಜೊತೆ ವಯಸ್ಸನ್ನೂ ನೋಡಬೇಕು, ಐದು ನಿಮಿಷಕ್ಕೆ ಸಮಬಲ ಎಂದು ಮೊದಲೇ ಗೊತ್ತು ಮಾಡಿ ಮೈಕಿನಲ್ಲಿ ಸಾರಬೇಕು. ಅಷ್ಟು ಸಮಯ ಇಲ್ಲವೆಂದರೆ ಅವರನ್ನು ಪಂಚರಾಗಿ ಕೂರಿಸಿ, ಬೆಳ್ಳಿ ಕಡಗ ಅವರ ಕೈಯಿಂದ ಕೊಡಿಸಿ. ಮೈಕಿನವರಿಗೂ ಆ ದಿನ ಬೆಳಿಗ್ಗೆಯೇ ಹೇಳಿಡಿ, ಪಟ್ಟಿಯಲ್ಲಿಲ್ಲದ ಹೆಸರು ಕೂಗಬಾರದೆಂದು.